ಮಡಚಿದರೆ ಒಂದು, ಬಿಚ್ಚಿದರೆ ಇನ್ನೊಂದು

ಸ್ಯಾಮ್‌ಸಂಗ್ 2020ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಗ್ಯಾಲಕ್ಸಿ ಝಡ್ ಫ್ಲಿಪ್ ಫೋನನ್ನು ಬಿಚ್ಚಿ ಅಳೆದರೆ ಉದ್ದ ಸುಮಾರು 16.7 ಸೆಂಟಿಮೀಟರ್. ಮಡಚಿ ಅಳೆದರೆ 8.7. ಜೇಬಿಗೆ ಇದು ಸಂತೋಷದ ಸುದ್ದಿ, ಆಂಟೆನಾಕ್ಕೆ ಅಲ್ಲ. 900 ಮೆಗಾಹರ್ಟ್ಝ್ ರೇಡಿಯೊ ಅಲೆಯ ಉದ್ದ ಸುಮಾರು 33 ಸೆಂ.ಮೀ. ಅದರ ಅರ್ಧ ಎಷ್ಟೆಂದು ಲೆಕ್ಕ ಹಾಕಿ: ಬಿಚ್ಚಿದ ಫೋನಿನ ಉದ್ದವೇ ಸಿಗುತ್ತದೆ. ಆ ಅಲೆಗೆ ಹೇಳಿ ಮಾಡಿಸಿದಂಥ ಅಳತೆ. ಫೋನನ್ನು ಪಟ್ಟನೆ ಮಡಚಿದಿರೋ, ಅಳತೆ ಅರ್ಧಕ್ಕಿಳಿಯಿತು. ಅಲೆಯ ಉದ್ದ ಮಾತ್ರ ಇದ್ದಷ್ಟೇ ಇದೆ.

ಫೋನಿನ ಆಂಟೆನಾ ಎಂದರೆ ಎಲ್ಲೋ ಮೂಲೆಯಲ್ಲಿ ಅಡಗಿ ಕೂತ ತುಂಡು ತಂತಿ ಎಂದು ನಾವು ಅಂದುಕೊಂಡಿರುತ್ತೇವೆ. ಅದು ಅರ್ಧ ಸತ್ಯ. ಸಂಕೇತವನ್ನು ಪಡೆಯುವ ಲೋಹದ ಪಟ್ಟಿ ಚಿಕ್ಕದೇ, ಸಾಮಾನ್ಯವಾಗಿ ಅಲೆಯುದ್ದದ ಕಾಲು ಭಾಗ. ಆದರೆ ಅದರ ಜೊತೆಜೊತೆಗೆ ಸರ್ಕ್ಯೂಟ್ ಬೋರ್ಡಿನ ತಾಮ್ರದ ಪದರದಲ್ಲಿ, ಪರದೆಯ ಬೆನ್ನಿಗಿರುವ ಲೋಹದ ತಗಡಿನಲ್ಲಿ, ಕವಚದಲ್ಲಿ ಕೂಡ ವಿದ್ಯುತ್ತು ಓಡಾಡುತ್ತದೆ. ಎಂಜಿನಿಯರರು ಇದನ್ನೆಲ್ಲ ಸೇರಿಸಿ ‘ಗ್ರೌಂಡ್’ ಎನ್ನುತ್ತಾರೆ. ಕೆಳ ಫ್ರೀಕ್ವೆನ್ಸಿಗಳಲ್ಲಿ ಹೊರಹೊಮ್ಮುವ ಅಲೆಯ ದೊಡ್ಡ ಪಾಲು ಈ ಗ್ರೌಂಡಿನದ್ದೇ. 2.4 ಗಿಗಾಹರ್ಟ್ಝ್ ವೈಫೈಗೆ ಕಾಲು ಅಲೆ ಎಂದರೆ ಮೂರು ಸೆಂ.ಮೀ. ಚಿಲ್ಲರೆ. ಅದಕ್ಕೆ ಮಡಚಿದ ಫೋನಿನಲ್ಲೂ ಧಾರಾಳ ಜಾಗವಿದೆ. ತಾಪತ್ರಯ ಇರುವುದು 700, 800, 900 ಮೆಗಾಹರ್ಟ್ಝ್‌ಗಳಲ್ಲಿ. ಗೋಡೆಗಳನ್ನು ಹಾಯ್ದು ಒಳಕೋಣೆಗೆ, ಟವರಿನಿಂದ ದೂರದ ತೋಟದ ಮನೆಗೆ ತಲುಪುವ ಅಲೆಗಳು ಇವೇ. ಆಂಟೆನಾವನ್ನು ಅಲೆಗಿಂತ ತೀರ ಚಿಕ್ಕದು ಮಾಡಿದರೆ ಅದು ಸ್ಪಂದಿಸುವ ಫ್ರೀಕ್ವೆನ್ಸಿಗಳ ಹರವು ಕಿರಿದಾಗುತ್ತದೆ. ಎಂಜಿನಿಯರ್ ಎಲ್.ಜೆ. ಚು 1948ರಲ್ಲಿ ಗಣಿತದಲ್ಲಿ ತೋರಿಸಿಕೊಟ್ಟ ಈ ಮಿತಿಯನ್ನು ಯಾವ ಕಂಪನಿಯ ಬುದ್ಧಿವಂತಿಕೆಯೂ ದಾಟಿಲ್ಲ.

ಇನ್ನೊಂದು ಸಂಗತಿ. ಈಗಿನ ಫೋನುಗಳ ಸುತ್ತಲಿನ ಲೋಹದ ಚೌಕಟ್ಟನ್ನು ಗಮನಿಸಿ. ಅಲ್ಲಲ್ಲಿ ಪ್ಲಾಸ್ಟಿಕ್ ತುಂಬಿದ ಸಣ್ಣ ಗೆರೆಗಳು ಕಾಣುತ್ತವೆ. ಅವು ಅಲಂಕಾರವಲ್ಲ. ಚೌಕಟ್ಟನ್ನು ತುಂಡು ತುಂಡಾಗಿ ಬೇರ್ಪಡಿಸಿ, ಒಂದೊಂದು ತುಂಡನ್ನೂ ಒಂದೊಂದು ಆಂಟೆನಾ ಮಾಡಿರುತ್ತಾರೆ. 2010ರ ಐಫೋನ್ 4ರಲ್ಲಿ ಇಂಥ ಒಂದು ಗೆರೆಯ ಮೇಲೆ ಎಡಗೈ ತಾಗಿದರೆ ಸಿಗ್ನಲ್ ಕುಸಿಯುತ್ತಿತ್ತು. ಸ್ಟೀವ್ ಜಾಬ್ಸ್ ಪತ್ರಿಕಾಗೋಷ್ಠಿ ಕರೆದು ಗ್ರಾಹಕರಿಗೆಲ್ಲ ರಬ್ಬರಿನ ಕವಚವನ್ನು ಪುಕ್ಕಟೆ ಕೊಡುತ್ತೇವೆ ಎನ್ನಬೇಕಾಯಿತು. ಅಲ್ಲಿ ಅಡ್ಡ ಬಂದದ್ದು ಬೆರಳು. ಮಡಚುವ ಫೋನಿನಲ್ಲಿ ಅಡ್ಡ ಬರುವುದು ಫೋನಿನದೇ ಇನ್ನೊಂದು ಅರ್ಧ.

ತಂಬೂರಿಯ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಪಕ್ಕದ ತಂತಿ ತಾನಾಗಿ ಕಂಪಿಸುತ್ತದಲ್ಲ, ಹಾಗೆಯೇ ಮೇಲಿನ ಅರ್ಧದ ಲೋಹದ ಪಟ್ಟಿಯಲ್ಲಿ ಸಂಕೇತ ಓಡಿದಾಗ ಕೆಲವೇ ಮಿಲಿಮೀಟರ್ ಕೆಳಗೆ ಬಂದು ಕೂತ ಪಟ್ಟಿಯಲ್ಲೂ ವಿದ್ಯುತ್ತು ಹುಟ್ಟುತ್ತದೆ. ತಂಬೂರಿಯಲ್ಲಿ ಇದು ನಾದಕ್ಕೆ ಮೆರುಗು. ಇಲ್ಲಿ ಹುಟ್ಟುವ ವಿದ್ಯುತ್ತು ಮಾತ್ರ ಬಹುಮಟ್ಟಿಗೆ ವಿರುದ್ಧ ದಿಕ್ಕಿನದು. ದೂರದಿಂದ ನೋಡುವ ಟವರಿಗೆ ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕಿದಂತೆ ಕಾಣುತ್ತದೆ. ಶಕ್ತಿ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲೇ ತೊಳಲಾಡಿ ಕೊನೆಗೆ ಶಾಖವಾಗುತ್ತದೆ. ಸಾಲದ್ದಕ್ಕೆ ಪಟ್ಟಿಯ ಅನುರಣನದ ಫ್ರೀಕ್ವೆನ್ಸಿಯೂ ಇದ್ದ ಜಾಗದಿಂದ ಸರಿಯುತ್ತದೆ. ಆಂಟೆನಾದ ಭಾಷೆಯಲ್ಲಿ ಮೂರು ಡೆಸಿಬೆಲ್ ನಷ್ಟ ಎಂದರೆ ಅರ್ಧ ಶಕ್ತಿ ಹೋಯಿತು ಎಂದೇ ಅರ್ಥ. ಟವರಿನಿಂದ ದೂರ ಇರುವವರ ಕರೆ ಕಡಿದುಹೋಗಲು ಅಷ್ಟು ಸಾಕು.

ಪರಿಹಾರಗಳು ಹಲವು, ಎಲ್ಲದರಲ್ಲೂ ಒಂದಿಷ್ಟು ಸೊಗಸಿದೆ. ಎರಡೂ ಅರ್ಧಗಳ ಚೌಕಟ್ಟಿನ ಗೆರೆಗಳನ್ನು ಮಡಚಿದಾಗ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವಂತೆ ಇಡುವುದು ಒಂದು ದಾರಿ. ಗೆರೆಯ ಎದುರು ಇಡೀ ಲೋಹ ಬಂದರೆ ಅಲ್ಲಿ ಸೇತುವೆ ಕಟ್ಟಿದಂತಾಗುತ್ತದೆ. ಗೆರೆಯ ಎದುರು ಗೆರೆಯೇ ಬಂದರೆ ಆ ಕಾಟ ಕಡಿಮೆ. ಎದುರಿನ ತುಂಡನ್ನು ಗ್ರೌಂಡಿಗೆ ಜೋಡಿಸುವ ಜಾಗವನ್ನು ಬದಲಿಸಿ, ಅದು ಈ ಫ್ರೀಕ್ವೆನ್ಸಿಗೆ ಸ್ಪಂದಿಸದಂತೆ ಮಾಡುವುದು ಮತ್ತೊಂದು. ಮೂರನೆಯದು ನನಗೆ ಮೆಚ್ಚು: ಎದುರಿನ ತುಂಡನ್ನು ಓಡಿಸುವ ಬದಲು ಒಲಿಸಿಕೊಂಡು, ಅದರ ಉದ್ದವನ್ನೂ ಗ್ರೌಂಡಿನ ಬಿಂದುವನ್ನೂ ಹೊಂದಿಸಿ, ಅದರಿಂದಲೇ ಇನ್ನೊಂದಿಷ್ಟು ಅಲೆ ಹೊಮ್ಮಿಸುವುದು. ಇವೆಲ್ಲದರ ಜೊತೆಗೆ ಒಂದು ಪುಟ್ಟ ಅಯಸ್ಕಾಂತ, ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇದ್ದರೆ ಫೋನು ಮಡಚಿದೆಯೋ ಬಿಚ್ಚಿದೆಯೋ ಎಂಬುದು ಪ್ರೊಸೆಸರಿಗೆ ತಿಳಿಯುತ್ತದೆ. ಆಗ ಅದು ಸ್ವಿಚ್ಚುಗಳನ್ನು ಬದಲಿಸಿ ಆಂಟೆನಾವನ್ನು ಮರುಶ್ರುತಿ ಮಾಡಬಹುದು, ಇಲ್ಲವೇ ಬೇರೊಂದು ಆಂಟೆನಾಕ್ಕೆ ಕೆಲಸ ವಹಿಸಬಹುದು.

ಈ ಒಂದೊಂದು ಉಪಾಯವೂ, ಉಪಾಯದೊಳಗಿನ ಉಪಾಯವೂ ಪೇಟೆಂಟ್ ಅರ್ಜಿಯಾಗಿ ಲೋಕದ ಹಲವು ಕಚೇರಿಗಳಿಗೆ ಹೋಗುತ್ತದೆ. ಅಲ್ಲಿ ಅದನ್ನು ಓದುವ ಪರೀಕ್ಷಕರ ಬಳಿ ಪ್ರಯೋಗಾಲಯವಿಲ್ಲ. ಆಂಟೆನಾ ಕೆಲಸ ಮಾಡುತ್ತದೆಯೇ ಎಂದು ಅಳೆದು ನೋಡುವುದು ಅವರ ಕೆಲಸವೂ ಅಲ್ಲ. ಅವರ ಮುಂದಿರುವುದು ಚಿತ್ರಗಳು, ಗ್ರಾಫುಗಳು, ಮತ್ತು ‘ಕ್ಲೇಮ್’ ಎಂಬ ವಿಚಿತ್ರ ಗದ್ಯ. ಒಂದು ಕ್ಲೇಮ್ ಎಂದರೆ ಒಂದೇ ವಾಕ್ಯ, ಅದು ಪುಟವಿಡೀ ಹರಿದರೂ ಸರಿ. ಮೊದಲನೇ ಕವಚ, ಎರಡನೇ ಕವಚ, ಅವುಗಳ ನಡುವೆ ಹಿಂಜ್, ಮೊದಲನೇ ಕವಚದ ಅಂಚಿನಲ್ಲಿ ಮೊದಲನೇ ವಾಹಕ ಭಾಗ, ಎರಡನೆಯದರಲ್ಲಿ ಎರಡನೇ ವಾಹಕ ಭಾಗ, ಮಡಚಿದ ಸ್ಥಿತಿಯಲ್ಲಿ ಇದು ಅದಕ್ಕೆ ಮುಖಾಮುಖಿ... ಹೀಗೆ ಸಾಗುತ್ತದೆ. ಭಾರತದಲ್ಲಿ ಹತ್ತು ಕ್ಲೇಮ್ ದಾಟಿದರೆ, ಮೂವತ್ತು ಪುಟ ಮೀರಿದರೆ ಹೆಚ್ಚುವರಿ ಶುಲ್ಕ ಕಟ್ಟಬೇಕು. ಆದರೂ ಬರೆಯುವವರು ಸಂಕ್ಷೇಪಕ್ಕೆ ಇಳಿಯುವುದು ಅಪರೂಪ.

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರೀಕ್ಷೆ ಶುರುವಾಗುವುದಿಲ್ಲ. ಅದಕ್ಕೆ ಬೇರೆಯೇ ಕೋರಿಕೆ ಕೊಡಬೇಕು. ಮೊದಲು ಇದಕ್ಕೆ 48 ತಿಂಗಳ ಗಡುವಿತ್ತು, 2024ರ ತಿದ್ದುಪಡಿ ಅದನ್ನು 31 ತಿಂಗಳಿಗೆ ಇಳಿಸಿತು. ಪರೀಕ್ಷಕರು ವರದಿ ಬರೆಯುತ್ತಾರೆ, ತೀರ್ಮಾನ ಕೊಡುವವರು ಕಂಟ್ರೋಲರ್. ಮೊದಲ ಪರೀಕ್ಷಾ ವರದಿ ಬಂದ ಮೇಲೆ ಅರ್ಜಿದಾರರಿಗೆ ಉತ್ತರಿಸಲು ಆರು ತಿಂಗಳು, ಬೇಡಿದರೆ ಇನ್ನೂ ಮೂರು. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಬೆಂಗಳೂರಿನ ಸಂಶೋಧನಾ ಕೇಂದ್ರದಲ್ಲಿ ಕೂತು ವಿದೇಶಿ ಕಂಪನಿಗಾಗಿ ಆಂಟೆನಾ ರೂಪಿಸುವವರಿಗೆ ಇನ್ನೊಂದು ನಿಯಮವೂ ಇದೆ: ಇಲ್ಲಿನ ನಿವಾಸಿಗಳು ಮೊದಲು ಇಲ್ಲೇ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಅನುಮತಿ ಪಡೆದು ಹೊರದೇಶದಲ್ಲಿ ಹಾಕಬೇಕು.

ಪರೀಕ್ಷಕರ ನಿಜವಾದ ದುಡಿಮೆ ಹುಡುಕಾಟ. ಜಗತ್ತಿನ ಪೇಟೆಂಟುಗಳನ್ನೆಲ್ಲ ವಿಷಯವಾರು ಜೋಡಿಸಿದ ವರ್ಗೀಕರಣವೊಂದಿದೆ. ಅದರಲ್ಲಿ ಆಂಟೆನಾಗಳು ಎಚ್01ಕ್ಯೂ ವರ್ಗದಲ್ಲಿ, ಫೋನಿನ ಮೈಕಟ್ಟಿನ ಸಂಗತಿಗಳು ಎಚ್04ಎಂ 1/02ರಲ್ಲಿ ಸಿಗುತ್ತವೆ. ಎರಡೂ ಕಡೆ ಕಾಲಿಟ್ಟ ದಾಖಲೆಗಳನ್ನು ಸೋಸಬೇಕು. ಕೊರಿಯನ್, ಚೀನೀ, ಜಪಾನೀ ದಾಖಲೆಗಳನ್ನು ಯಂತ್ರಾನುವಾದದಲ್ಲಿ ಓದಬೇಕು. ಅರ್ಜಿಯ ಆದ್ಯತಾ ದಿನಾಂಕಕ್ಕಿಂತ, ಅಂದರೆ ಆ ಉಪಾಯಕ್ಕೆ ಮೊತ್ತಮೊದಲು ಅರ್ಜಿ ಸಲ್ಲಿಸಿದ ದಿನಕ್ಕಿಂತ, ಒಂದು ದಿನ ಮೊದಲು ಪ್ರಕಟವಾಗಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಎಲ್ಲಿ, ಯಾವ ಭಾಷೆಯಲ್ಲಿ ಎಂಬುದು ಮುಖ್ಯವಲ್ಲ.

ಮಡಚುವ ಪರದೆ ಹೊಸದಿರಬಹುದು, ಮಡಚುವ ಫೋನು ಹಳೆಯದು. ಮೊಟೊರೋಲಾದ ಸ್ಟಾರ್‌ಟ್ಯಾಕ್ ಬಂದದ್ದು 1996ರಲ್ಲಿ. ಅದಕ್ಕೆ ಹೊರಗೆಳೆಯುವ ಕಡ್ಡಿ ಆಂಟೆನಾ ಇತ್ತು. 2004ರ ತೆಳ್ಳನೆಯ ರೇಝರ್ ವಿ3 ಆಂಟೆನಾವನ್ನು ಕೆಳತುದಿಯ ಉಬ್ಬಿನಲ್ಲಿ, ಅಂದರೆ ಮಡಚಿದಾಗಲೂ ಎದುರಿನ ಅರ್ಧ ಮುಚ್ಚದ ಜಾಗದಲ್ಲಿ ಇಟ್ಟುಕೊಂಡಿತ್ತು. ಆ ದಶಕದಲ್ಲಿ ಜಪಾನಿನ ಎಂಜಿನಿಯರರು ಮಡಚುವ ಫೋನುಗಳ ಬಗ್ಗೆ ರಾಶಿ ರಾಶಿ ಅರ್ಜಿ ಹಾಕಿದ್ದರು. ತೆರೆದಾಗ ಒಂದು ಬಗೆಯ ಹೊಂದಾಣಿಕೆ ಸರ್ಕ್ಯೂಟ್, ಮುಚ್ಚಿದಾಗ ಇನ್ನೊಂದು. ಹಿಂಜನ್ನೇ ಆಂಟೆನಾದ ಭಾಗವಾಗಿಸುವುದು. ಎರಡೂ ಬೋರ್ಡುಗಳ ಗ್ರೌಂಡನ್ನು ಹಿಂಜಿನ ಮೂಲಕ ಬೆಸೆಯುವುದು. ಎಲ್ಲವೂ ಅಲ್ಲಿವೆ. ಹಾಗಾಗಿ ಇವತ್ತು ಯಾರಾದರೂ ‘ಫೋನು ಮಡಚಿದ್ದನ್ನು ಗುರುತಿಸಿ ಸ್ವಿಚ್ ಬದಲಿಸುವ ಆಂಟೆನಾ’ ಎಂದಷ್ಟೇ ಬರೆದರೆ ಪರೀಕ್ಷಕರು ಹಳೆಯ ದಾಖಲೆಯೊಂದನ್ನು ಮುಂದಿಟ್ಟು ಹೊಸತನವಿಲ್ಲ ಎಂದುಬಿಡಬಹುದು. ಅರ್ಜಿಗಳು ಇಷ್ಟು ಸೂಕ್ಷ್ಮ ವಿವರಗಳಿಗೆ, ಗೆರೆಯ ಸ್ಥಾನಕ್ಕೆ, ಗ್ರೌಂಡ್ ಬಿಂದುವಿನ ಜಾಗಕ್ಕೆ ಇಳಿದಿರುವುದು ಇದೇ ಕಾರಣಕ್ಕೆ. ದೊಡ್ಡ ಮಾತುಗಳನ್ನೆಲ್ಲ ಹಿಂದಿನವರು ಆಡಿ ಮುಗಿಸಿದ್ದಾರೆ.

ಹೊಸತನ ಸಿಕ್ಕರೂ ಸಾಲದು. ಭಾರತದ 1970ರ ಪೇಟೆಂಟ್ ಕಾಯ್ದೆ ‘ಆವಿಷ್ಕಾರದ ಹೆಜ್ಜೆ’ಯನ್ನೂ ಕೇಳುತ್ತದೆ: ಇದ್ದ ಜ್ಞಾನಕ್ಕಿಂತ ತಾಂತ್ರಿಕವಾಗಿ ಮುಂದಿರಬೇಕು ಅಥವಾ ಆರ್ಥಿಕ ಮಹತ್ವ ಇರಬೇಕು, ಜೊತೆಗೆ ಆ ಕ್ಷೇತ್ರದ ನುರಿತವರಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು. ಈ ಪ್ರಶ್ನೆಗೆ ನಮ್ಮಲ್ಲಿ ಈಗಲೂ ಉಲ್ಲೇಖವಾಗುವುದು 1978ರ ಸುಪ್ರೀಂ ಕೋರ್ಟ್ ತೀರ್ಪು. ಅದು ಯಾವ ರೇಡಿಯೊ, ಟೆಲಿಫೋನಿನ ಮೊಕದ್ದಮೆಯೂ ಅಲ್ಲ. ಮಿರ್ಜಾಪುರದ ಹಿತ್ತಾಳೆ ಪಾತ್ರೆ ತಯಾರಕರಿಬ್ಬರ ಜಗಳ. ಪಾತ್ರೆ ಹೆರೆಯುವಾಗ ಅದನ್ನು ಲೇತ್ ಯಂತ್ರದಲ್ಲಿ ಬಿಗಿಯಾಗಿ ಹಿಡಿಯುವ ಸಾಧನಕ್ಕೆ ಒಬ್ಬರು ಪೇಟೆಂಟ್ ಪಡೆದಿದ್ದರು. ಇದು ಕಾರ್ಖಾನೆಯ ಯಾವ ನುರಿತ ಕೆಲಸಗಾರನೂ ಮಾಡಬಹುದಾದ ಸುಧಾರಣೆ, ಆವಿಷ್ಕಾರವಲ್ಲ ಎಂದು ನ್ಯಾಯಾಲಯ ಅದನ್ನು ರದ್ದು ಮಾಡಿತು. ಬಿಡಿಬಿಡಿಯಾಗಿ ಹಳೆಯ ಭಾಗಗಳನ್ನು ತಂದು ಜೋಡಿಸಿಟ್ಟರೆ ಆಯಿತೇ, ಜೋಡಣೆಯಿಂದ ಹೊಸದೇನಾದರೂ ಹುಟ್ಟಬೇಕಲ್ಲ ಎಂಬುದು ಅಲ್ಲಿನ ತರ್ಕ. ಕಾಯ್ದೆಯ ಕಲಂ 3(ಎಫ್) ಕೂಡ ಇದನ್ನೇ ಹೇಳುತ್ತದೆ: ತಮ್ಮ ಪಾಡಿಗೆ ತಾವು, ತಿಳಿದ ರೀತಿಯಲ್ಲೇ ಕೆಲಸ ಮಾಡುವ ಸಾಧನಗಳ ಬರಿಯ ಜೋಡಣೆಗೆ ಪೇಟೆಂಟ್ ಇಲ್ಲ.

ಈ ಅಳತೆಗೋಲನ್ನು ನಮ್ಮ ಆಂಟೆನಾಕ್ಕೆ ಹಿಡಿದು ನೋಡೋಣ. ಒಂದು ಕಾಲ್ಪನಿಕ ಅರ್ಜಿ. ಎರಡೂ ಚೌಕಟ್ಟಿನಲ್ಲಿ ಗೆರೆಗಳಿವೆ, ಮಡಚಿದಾಗ ಅವು ಎದುರುಬದುರಾಗುತ್ತವೆ. ಪರೀಕ್ಷಕರ ಕೈಯಲ್ಲಿ ಎರಡು ಹಳೆಯ ದಾಖಲೆಗಳಿವೆ. ಒಂದರಲ್ಲಿ ಮಡಚದ ಫೋನಿನ ಚೌಕಟ್ಟಿನಲ್ಲಿ ಗೆರೆಗಳು, ಇನ್ನೊಂದರಲ್ಲಿ ಚೌಕಟ್ಟಿನ ಆಂಟೆನಾ ಇಲ್ಲದ ಮಡಚುವ ಫೋನು. ಎರಡನ್ನೂ ಸೇರಿಸಿದರೆ ಮಡಚುವ ಫೋನಿನ ಚೌಕಟ್ಟಿನಲ್ಲಿ ಗೆರೆಗಳು ಬಂದವು, ಸರಿ. ಆದರೆ ಅವು ಎದುರುಬದುರೇ ಬರಬೇಕು ಎಂದು ಆ ಎರಡರಲ್ಲಿ ಯಾವುದಾದರೂ ಹೇಳುತ್ತದೆಯೇ? ಹೇಳದಿದ್ದರೆ ನುರಿತ ಎಂಜಿನಿಯರಿಗೆ ಅದು ತಾನಾಗಿ ಹೊಳೆಯುತ್ತಿತ್ತೇ? ಅರ್ಜಿದಾರರ ವಕೀಲರು ಇಲ್ಲ ಎನ್ನುತ್ತಾರೆ. ಪರೀಕ್ಷಕರು, ಫೋನಿನ ಎರಡು ಬದಿಯನ್ನು ಸಮಾನವಾಗಿ ರೂಪಿಸುವುದು ಯಾವ ವಿನ್ಯಾಸಕಾರರಿಗೂ ಸಹಜ, ಸಮಾನವಾಗಿ ಇಟ್ಟರೆ ತಾನಾಗಿಯೇ ಎದುರುಬದುರಾಗುತ್ತದೆ ಎನ್ನಬಹುದು. ನನ್ನ ಮಟ್ಟಿಗೆ ಪರೀಕ್ಷಕರ ಮಾತಿನಲ್ಲಿ ಹುರುಳಿದೆ. ಅದೇ ಎದುರಿನ ತುಂಡನ್ನು ಒಲಿಸಿಕೊಂಡು ಅಲೆ ಹೊಮ್ಮಿಸುವ ಉಪಾಯವಾದರೆ ಕತೆ ಬೇರೆ. ಹತ್ತಿರ ಬಂದ ಲೋಹ ಕೆಡುಕು ಮಾಡುತ್ತದೆ ಎಂಬುದು ಎಲ್ಲರೂ ಬಲ್ಲ ಪಾಠ. ಆ ಪಾಠಕ್ಕೆ ಎದುರಾಗಿ ಹೋಗಿ, ಅದರಿಂದ ಹರವು ಹೆಚ್ಚಿಸಿ, ಗ್ರಾಫಿನಲ್ಲಿ ತೋರಿಸಿದವರಿಗೆ ಇಪ್ಪತ್ತು ವರ್ಷದ ಹಕ್ಕು ಕೊಡುವುದರಲ್ಲಿ ನನಗೆ ತಕರಾರಿಲ್ಲ.

ಅಳತೆಗಳ ಮೇಲಿನ ಕ್ಲೇಮುಗಳಲ್ಲಿ ಪೇಚು ಇನ್ನೂ ಜಾಸ್ತಿ. ‘ಮಡಚಿದಾಗ ಸಂದಿ ಇಷ್ಟರಿಂದ ಇಷ್ಟು ಮಿಲಿಮೀಟರ್’ ಎಂದು ಬರೆದರೆ, ಆ ಮಿತಿಯೊಳಗೆ ಮಾತ್ರ ಕಾಣುವ ಅನಿರೀಕ್ಷಿತ ಲಾಭವೇನು ಎಂಬ ಪ್ರಶ್ನೆ ಖಾತ್ರಿ. ‘ಬಹುಮಟ್ಟಿಗೆ ಮುಖಾಮುಖಿ’ ಎಂದರೆ ಎಷ್ಟು ಮಟ್ಟಿಗೆ ಎಂದು ಕೇಳುತ್ತಾರೆ.

ಇಷ್ಟೆಲ್ಲ ಜರಡಿ ಹಿಡಿದರೂ ತೂರಿಹೋಗುವವು ಇರುತ್ತವೆ. ರೇಡಿಯೊ ಶ್ರುತಿ ಹೊಂದಿಸುವ ವಿಧಾನಕ್ಕೆ ಮಾರ್ಕೋನಿಗೆ ಅಮೆರಿಕ 1904ರಲ್ಲಿ ಪೇಟೆಂಟ್ ಕೊಟ್ಟಿತ್ತು. ಆಲಿವರ್ ಲಾಡ್ಜ್, ಟೆಸ್ಲಾ, ಜಾನ್ ಸ್ಟೋನ್ ಅವರ ಹಿಂದಿನ ಕೆಲಸವನ್ನು ಎದುರಿಗಿಟ್ಟುಕೊಂಡು ಅಲ್ಲಿನ ಸುಪ್ರೀಂ ಕೋರ್ಟ್ ಅದರ ಮುಖ್ಯ ಕ್ಲೇಮುಗಳನ್ನು ಅಸಿಂಧು ಎಂದದ್ದು 1943ರಲ್ಲಿ. ಪೇಟೆಂಟಿನ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು, ಮಾರ್ಕೋನಿಯೂ ಟೆಸ್ಲಾ ಅವರೂ ತೀರಿಕೊಂಡಿದ್ದರು. ಇಂಥ ತಪ್ಪನ್ನು ಬೇಗ ಹಿಡಿಯಲು ಭಾರತದಲ್ಲಿ ಪೇಟೆಂಟ್ ಸಿಗುವ ಮೊದಲೇ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಸಿಕ್ಕ ಮೇಲೆ ಒಂದು ವರ್ಷದೊಳಗೆ ಆಸಕ್ತಿ ಇರುವವರು ಸಲ್ಲಿಸಬಹುದು.

ಈ ನಡುವೆ ಫೋನು ಇನ್ನೊಂದು ಮಡಿಕೆ ಪಡೆದಿದೆ. ಹುವಾವೇ 2024ರ ಸೆಪ್ಟೆಂಬರಿನಲ್ಲಿ ತಂದ ಮೇಟ್ ಎಕ್ಸ್‌ಟಿಗೆ ಎರಡು ಹಿಂಜ್, ಮೂರು ಹಲಗೆ. ಒಂದು ಮಡಿಕೆ ಒಳಮುಖ, ಇನ್ನೊಂದು ಹೊರಮುಖ. ಪರದೆ 6.4, 7.9, 10.2 ಇಂಚು ಎಂದು ಮೂರು ಗಾತ್ರಕ್ಕೆ ತೆರೆದುಕೊಳ್ಳುತ್ತದೆ. ಪೂರ್ತಿ ಮಡಚಿದಾಗ ಮೂರು ಚೌಕಟ್ಟುಗಳು ಒಂದರ ಮೇಲೊಂದು ಬರುತ್ತವೆ. ನಡುವಿನ ಹಲಗೆಗೆ ಎರಡೂ ಕಡೆ ಲೋಹದ ನೆರೆ, ತುದಿಯವಕ್ಕೆ ಒಂದೇ ಕಡೆ. ಒಂದು ಸ್ಥಿತಿಯಲ್ಲಿ ನೆರವಾದ ತುಂಡು ಮತ್ತೊಂದರಲ್ಲಿ ಅಡ್ಡಿಯಾಗಬಹುದು. ಹಾಗಾಗಿ ಇಂಥ ಅರ್ಜಿ ಕೈಗೆ ಬಂದಾಗ ಪರೀಕ್ಷಕರು ಆಂಟೆನಾದ ಚಿತ್ರಕ್ಕೂ ಮೊದಲು ನೋಡಬೇಕಾದದ್ದು, ಕ್ಲೇಮಿನಲ್ಲಿ ಹೇಳಿದ ‘ಮಡಚಿದ ಸ್ಥಿತಿ’ ಎಂದರೆ ಎರಡು ಹಿಂಜ್‌ಗಳಲ್ಲಿ ಯಾವುದು ಮಡಚಿದ್ದು ಎಂಬುದನ್ನು.