ಪಾಲಿನ ಲೆಕ್ಕ: ಮೇಲಿನದನ್ನು ಕಳೆಯಿರಿ, ಕೆಳಗಿನದನ್ನು ಮುಟ್ಟಬೇಡಿ

ಭಿನ್ನರಾಶಿ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ತಲೆನೋವು. ಆದರೆ ಜಮೀನು ಪಾಲು ಮಾಡುವಾಗ, ಒಂದು ತುಂಡು ಮಾರುವಾಗ ಬೇಕಾಗೋದು ಇದೇ ಲೆಕ್ಕ. ತಪ್ಪಿದರೆ ಜಗಳ ಖಂಡಿತ.

ಮೊದಲು ಸುಲಭದ್ದು ನೋಡೋಣ. ಮುಕ್ಕಾಲು ಅಂದರೆ ಮೂರು ಕಾಲು. ಅದರಲ್ಲಿ ಒಂದು ಕಾಲು ತೆಗೆದರೆ ಉಳಿಯುವುದು ಎರಡು ಕಾಲು, ಅಂದರೆ ಅರ್ಧ. ಬರೆಯುವಾಗ 3/4 – 1/4 = 2/4. ಕೆಳಗಿನ ಅಂಕಿ, ಅಂದರೆ ಛೇದ, ಇಡೀ ವಸ್ತುವನ್ನು ಎಷ್ಟು ಸಮಪಾಲು ಮಾಡಿದ್ದೇವೆ ಅಂತ ಹೇಳ್ತದೆ. ಮೇಲಿನದು, ಅಂದರೆ ಅಂಶ, ಅಂಥ ಪಾಲು ಎಷ್ಟಿವೆ ಅಂತ ಹೇಳ್ತದೆ. ಕೆಲವು ಪಾಲು ತೆಗೆದ ಮಾತ್ರಕ್ಕೆ ಉಳಿದ ಪಾಲಿನ ಗಾತ್ರ ಬದಲಾಗೋದಿಲ್ಲ. ಅದಕ್ಕೇ ಮೇಲಿನದನ್ನು ಮಾತ್ರ ಕಳೀಬೇಕು.

ಈಗ ನೆಲಕ್ಕೆ ಬನ್ನಿ. ನಮ್ಮ ಬಯಲುಸೀಮೆಯಲ್ಲಿ ಎಕರೆಗೆ 40 ಗುಂಟೆ. 1956ರ ತನಕ ಮದ್ರಾಸಿಗೆ ಸೇರಿದ್ದ ಮಂಗಳೂರು ಕಡೆ ಎಕರೆಗೆ 100 ಸೆಂಟ್ಸ್. ದುಡಿಯಲಿಕ್ಕೆ ಮಂಗಳೂರಿಗೆ ಬಂದು ನೆಲೆಸಿದ ನಮ್ಮ ಕಡೆಯವರು ಊರಿನ ಜಮೀನಿನ ಲೆಕ್ಕ ಹಾಕುವಾಗ ಇವೆರಡೂ ಗೋಜಲಾಗ್ತವೆ.

ಊರಲ್ಲಿ 3 ಎಕರೆ 12 ಗುಂಟೆ ಇದೆ, 1 ಎಕರೆ 28 ಗುಂಟೆ ಮಾರಬೇಕು ಅನ್ನಿ. ಎಲ್ಲವನ್ನೂ ಗುಂಟೆ ಮಾಡಿ. 132/40 – 68/40 = 64/40. ಉಳಿದದ್ದು 1 ಎಕರೆ 24 ಗುಂಟೆ. ಅದನ್ನೇ 3.12, 1.28 ಅಂತ ಬರೆದು ಕ್ಯಾಲ್ಕುಲೇಟರ್ ಒತ್ತಿದರೆ 1.84 ಬರ್ತದೆ. ಅದು 1 ಎಕರೆ 84 ಸೆಂಟ್ಸ್ ಅಲ್ಲ. ನಿಜವಾಗಿ ಉಳಿದದ್ದು 1 ಎಕರೆ 60 ಸೆಂಟ್ಸ್ ಮಾತ್ರ. ಇಲ್ಲದ 24 ಸೆಂಟ್ಸ್ ಕಾಗದದಲ್ಲಿ ಹುಟ್ಟಿತು! ಕಾರಣ ಇಷ್ಟೆ: ಎಕರೆಯಿಂದ ಕಡ ತರುವಾಗ 40 ತರುವ ಬದಲು ಯಂತ್ರ 100 ತಂದಿತು.

ಒಂದು ಗುಂಟೆಯಲ್ಲಿ, ಇನ್ನೊಂದು ಸೆಂಟ್ಸಿನಲ್ಲಿ ಇದ್ದರೆ ಛೇದ ಬೇರೆ. ಹಾಗೇ ಕಳೆಯಬಾರದು. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. 1 ಎಕರೆ 10 ಗುಂಟೆ ಅಂದರೆ 125 ಸೆಂಟ್ಸ್. ಅದರಲ್ಲಿ 15 ಸೆಂಟ್ಸ್ ಕೊಟ್ಟರೆ 110/100, ಅಂದರೆ 1 ಎಕರೆ 10 ಸೆಂಟ್ಸ್, ನಮ್ಮ ಲೆಕ್ಕದಲ್ಲಿ 1 ಎಕರೆ 4 ಗುಂಟೆ.

ಕೊನೆಗೆ ಉಳಿದದ್ದಕ್ಕೆ ಕೊಟ್ಟದ್ದನ್ನು ಕೂಡಿಸಿ ನೋಡಿ. ಮೇಲಿನ ಲೆಕ್ಕದಲ್ಲಿ 64 ಗುಂಟೆಗೆ 68 ಸೇರಿದರೆ 132 ಬರಲೇಬೇಕು. ಬಾರದಿದ್ದರೆ ಕಾಗದಕ್ಕೆ ರುಜು ಹಾಕಬೇಡಿ.