ಪರದೆಯ ಮೇಲಿದ್ದರೂ ಕಿವಿಗೆ ಸಿಗದ ಪಾಠ

ಆನ್‌ಲೈನ್ ಪಾಠ, ಟಿಪ್ಪಣಿ, ವಿಡಿಯೊ, ಪ್ರಶ್ನೆಪತ್ರಿಕೆಗಳನ್ನು ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲಾಗದವರು ಇನ್ನೊಬ್ಬರ ನೆರವಿಲ್ಲದೆ ಬಳಸುವಂತಿರಬೇಕು. ಇದನ್ನೇ ಡಿಜಿಟಲ್ ಸುಗಮ್ಯತೆ ಎನ್ನುತ್ತಾರೆ. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳ ಪದವಿ ವಿದ್ಯಾರ್ಥಿಗಳಿಗೂ ಈಗ ಪಾಠದ ದೊಡ್ಡ ಪಾಲು ಬರುವುದು ಮೊಬೈಲಿಗೇ. ಪ್ರವೇಶ ಮತ್ತು ಪರೀಕ್ಷೆಯ ವ್ಯವಹಾರ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಎಂಬ ತಾಣದಲ್ಲಿ ನಡೆದರೆ, ಟಿಪ್ಪಣಿಗಳು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಿಡಿಎಫ್ ಆಗಿ ಹರಿದಾಡುತ್ತವೆ.

ಕಾನೂನು ಏನು ಹೇಳುತ್ತದೆ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕೆಂದು ಅದರ 32ನೇ ಸೆಕ್ಷನ್ ಹೇಳುತ್ತದೆ. ಧ್ವನಿ, ಮುದ್ರಣ, ವಿದ್ಯುನ್ಮಾನ ರೂಪದ ಎಲ್ಲ ಸಾಮಗ್ರಿಯೂ ಅಂಗವಿಕಲರ ಕೈಗೆಟುಕುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುವುದು 42ನೇ ಸೆಕ್ಷನ್. ಮೊದಲನೆಯದು ಪಾಲನೆಯಾಗಿ ಎರಡನೆಯದು ಆಗದಿದ್ದರೆ ವಿದ್ಯಾರ್ಥಿಗೆ ಸೀಟು ಸಿಗುತ್ತದೆ, ಪಾಠ ಸಿಗುವುದಿಲ್ಲ.

ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿಯೇ ಸುಗಮ್ಯತೆಯ ಮಾರ್ಗಸೂಚಿ ಹೊರಡಿಸಿತು. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯುವುದು ಮೂಲ ಅಧಿನಿಯಮಕ್ಕೆ ವಿರುದ್ಧ ಎಂದ ಕೋರ್ಟ್, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಜೀವಿಸುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಸಾರಿತು. ಅಮೆರಿಕದಲ್ಲಿಯೂ ಸಾರ್ವಜನಿಕ ವಿಶ್ವವಿದ್ಯಾಲಯಗಳ ಜಾಲತಾಣಗಳು ಡಬ್ಲ್ಯುಸಿಎಜಿ ಎಂಬ ಜಾಗತಿಕ ಮಾನದಂಡದಂತೆ ಇರಬೇಕೆಂಬ ನಿಯಮ 2024ರಲ್ಲಿ ಬಂದಿದೆ.

ಕನ್ನಡದ ತೊಡಕು ಬೇರೆ

ಈ ಮಾನದಂಡಗಳು ಬಣ್ಣ, ಶೀರ್ಷಿಕೆ, ಕೀಬೋರ್ಡ್ ಬಳಕೆಯ ಬಗ್ಗೆ ವಿವರವಾಗಿ ಹೇಳುತ್ತವೆ. ಕನ್ನಡದ ಕಡತಗಳಲ್ಲಿ ಎಡವಟ್ಟು ಅದಕ್ಕೂ ಮೊದಲೇ, ಅಕ್ಷರದ ಮಟ್ಟದಲ್ಲಿಯೇ ಶುರುವಾಗುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದ ಕಣ್ಣಿಗೆ ಕನ್ನಡವೇ. ಕಂಪ್ಯೂಟರಿನೊಳಗೆ ಮಾತ್ರ ಅದು ಇಂಗ್ಲಿಷಿನ ‘ಪಿ’, ಗೀಟು ಹೊತ್ತ ‘ಎ’, ಪೌಂಡ್ ಹಣದ ಚಿಹ್ನೆ ಹೀಗೆ ಸಾಲಾಗಿ ದಾಖಲಾಗಿರುತ್ತದೆ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಆ ಚಿಹ್ನೆಗಳನ್ನೇ ಒದರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತಗಳಿರುವುದರಿಂದ ಈ ತೊಂದರೆಯಿಲ್ಲ.

ಎರಡನೆಯ ತೊಡಕು ಸ್ಕ್ಯಾನ್ ಪ್ರತಿಗಳದ್ದು. ಪುಸ್ತಕದ ಪುಟವನ್ನು ಫೋಟೊ ತೆಗೆದು ಪಿಡಿಎಫ್ ಮಾಡಿದರೆ ಅದರಲ್ಲಿ ಅಕ್ಷರಗಳೇ ಇರುವುದಿಲ್ಲ, ಇರುವುದು ಚಿತ್ರ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಬೆಳಕಿಗೆ ಬಂದ ಶಾಸನ ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಪಾಠಗಳಲ್ಲೊಂದು. ಅದರ ಪಠ್ಯ ಚಿತ್ರವಾಗಿಯೇ ಉಳಿದರೆ ಹಳೇಬೀಡಿನಲ್ಲಿ ಓದುವ ಅಂಧ ವಿದ್ಯಾರ್ಥಿಗೆ ಪಕ್ಕದೂರಿನ ಶಾಸನದ ಒಂದು ಸಾಲೂ ಕೇಳಿಸದು. ಟೆಸರಾಕ್ಟ್‌ನಂಥ ಉಚಿತ ಒಸಿಆರ್ ತಂತ್ರಾಂಶ ಕನ್ನಡ ಅಚ್ಚನ್ನು ಗುರುತಿಸಿ ಪಠ್ಯವಾಗಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಕನ್ನಡ ಒಸಿಆರ್ ರೂಪಿಸಿದೆ. ಒತ್ತಕ್ಷರ, ಹಳಗನ್ನಡ ಪದ ಬಂದಲ್ಲಿ ತಪ್ಪುಗಳು ನುಸುಳುವುದರಿಂದ ಕರಡು ತಿದ್ದುವ ಕೆಲಸ ಅಧ್ಯಾಪಕರದ್ದೇ.

ಚಿತ್ರಕ್ಕೂ ಮಾತು ಬೇಕು

ಪಾಠದ ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಹಿಂದೆ ಅಡಗಿರುವ ವಿವರಣೆ ಇರಬೇಕು. ಬೇಲೂರಿನ ದರ್ಪಣ ಸುಂದರಿಯ ಫೋಟೊಗೆ ‘ಚಿತ್ರ 3’ ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. ‘ಕೈಗನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುವ ಮದನಿಕೆ’ ಎಂದರೆ ತಿಳಿಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಧಿಷ್ಠಾನದ ರೇಖಾಚಿತ್ರವಿದ್ದರೆ ಆನೆಯ ಸಾಲಿನಿಂದ ಹಂಸದ ಸಾಲಿನವರೆಗೆ ಪಟ್ಟಿಕೆಗಳ ಕ್ರಮವನ್ನು ಕೆಳಗಿನಿಂದ ಮೇಲಕ್ಕೆ ಹೇಳಬೇಕು. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷೆಯಾದರೆ ಗರ್ಭಗುಡಿಯ ನಕ್ಷತ್ರಾಕಾರವನ್ನೂ ಅದರ ಮುಂದಿನ ಮಂಟಪವನ್ನೂ ವಿವರಿಸಬೇಕು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಪಾಠದ ಉದ್ದೇಶವೇ ತೀರ್ಮಾನಿಸುತ್ತದೆ.

ವಿಡಿಯೊಗಳಿಗೆ ಕನ್ನಡ ಕ್ಯಾಪ್ಷನ್ ಬೇಕು. ಯಂತ್ರ ತಾನಾಗಿ ಮೂಡಿಸುವ ಕ್ಯಾಪ್ಷನ್ ‘ದ್ವಾರಸಮುದ್ರ’, ‘ವಿಷ್ಣುವರ್ಧನ’ದಂಥ ಹೆಸರುಗಳಲ್ಲಿ ತಪ್ಪಬಹುದು, ತಿದ್ದಬೇಕು. ಶೀರ್ಷಿಕೆಯನ್ನು ಬರೀ ದಪ್ಪಕ್ಷರ ಮಾಡಿದರೆ ಸಾಲದು, ಶೀರ್ಷಿಕೆಯ ಶೈಲಿಯಲ್ಲಿಯೇ ಗುರುತಿಸಬೇಕು. ಆಗ ಕೇಳುವವರು ಅಧ್ಯಾಯದಿಂದ ಅಧ್ಯಾಯಕ್ಕೆ ನೇರವಾಗಿ ಹೋಗಬಹುದು. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿರಬೇಕು.

ಇದಕ್ಕೆಲ್ಲ ದೊಡ್ಡ ಅನುದಾನ ಬೇಕಿಲ್ಲ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು ಆರಂಭಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಕನ್ನಡವನ್ನೂ ಓದುತ್ತದೆ. ಪರೀಕ್ಷಿಸುವ ದಾರಿಯೂ ಸುಲಭ. ಪಿಡಿಎಫ್‌ನ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಅದು ಕನ್ನಡವಾಗಿಯೇ ಉಳಿಯಬೇಕು. ಚಿಹ್ನೆಗಳು ಬಂದರೆ, ಅಥವಾ ಸಾಲನ್ನು ಆಯ್ದುಕೊಳ್ಳಲೇ ಆಗದಿದ್ದರೆ, ಆ ಕಡತ ಹಲವರಿಗೆ ಮುಚ್ಚಿದ ಪುಸ್ತಕ. ಹಳೆಯ ಟಿಪ್ಪಣಿಗಳೆಲ್ಲವನ್ನೂ ಒಮ್ಮೆಗೇ ತಿದ್ದುವುದು ಕಷ್ಟವಿರಬಹುದು. ಮುಂದಿನ ಸೆಮಿಸ್ಟರ್‌ಗೆ ಹೊಸದಾಗಿ ಬರೆಯುವ ಟಿಪ್ಪಣಿಯನ್ನು ಯೂನಿಕೋಡ್‌ನಲ್ಲಿ ಬರೆಯಲು ಯಾವ ಆದೇಶಕ್ಕೂ ಕಾಯಬೇಕಿಲ್ಲ. ಕಾಲೇಜುಗಳು ಅಲ್ಲಿಂದಲೇ ಆರಂಭಿಸಲಿ.