ಸ್ವಾವಲಂಬನೆಯ ಸಂಸಾರ

ಪಟ್ಟಣದ ಬಾಡಿಗೆಯ ಮನೆಯಲ್ಲಿ ಕುಳಿತು ತಿಂಗಳ ಕೊನೆಯ ಲೆಕ್ಕವನ್ನು ನೋಡುವ ಗೃಹಸ್ಥನ ಮನಸ್ಸಿನಲ್ಲಿ ಒಂದಲ್ಲ ಒಂದು ದಿನ ಈ ಯೋಚನೆ ಸುಳಿಯದಿರದು: ಹಳ್ಳಿಯಲ್ಲಿ ಎರಡೆಕರೆ ನೆಲ, ಒಂದು ಹಸು, ಒಂದು ಬಾವಿ ಇದ್ದಿದ್ದರೆ ಮಕ್ಕಳು ಶುದ್ಧವಾದ ಅನ್ನವನ್ನುಂಡು ಬೆಳೆಯುತ್ತಿದ್ದರಲ್ಲವೆ? 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ವ್ಯವಸಾಯಗಾರರಲ್ಲದವರೂ ನಮ್ಮ ರಾಜ್ಯದಲ್ಲಿ ಸಾಗುವಳಿಯ ಭೂಮಿಯನ್ನು ಕೊಳ್ಳಬಹುದೆಂದಾದ ಮೇಲೆ ಇದು ಬರಿಯ ಹಗಲುಗನಸಾಗಿ ಉಳಿದಿಲ್ಲ. ಆದುದರಿಂದ, ಸ್ವಾವಲಂಬಿಯಾಗಿ ಸಂಸಾರ ನಡೆಸುವುದೆಂದರೆ ಏನು, ಅದರಲ್ಲಿ ಮಕ್ಕಳ ಪಾಲೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ದಾರಿಯಲ್ಲಿ ಮಧುರೆ ಎಂಬ ಹೋಬಳಿಯ ಊರಿದೆ. ಶನಿಮಹಾತ್ಮನ ದರ್ಶನಕ್ಕೆ ಹೋಗಿಬರುವ ಭಕ್ತರಿಗೆ ಈ ಸೀಮೆ ಪರಿಚಿತವಾದುದೇ. ಕೆಂಪು ನೆಲ, ವರ್ಷಕ್ಕೆ ಹೆಚ್ಚು ಕಡಿಮೆ 30 ಅಂಗುಲ ಮಳೆ, ಊರೂರಿಗೂ ಕೆರೆ. ಇಲ್ಲಿಯ ಹಳೆಯ ಒಕ್ಕಲುಮನೆಗಳು ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ರಾಗಿಯ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳುಗಳನ್ನು ಹಾಕುತ್ತಿದ್ದರು. ಹಿಟ್ಟು, ಸಾರು, ಒಗ್ಗರಣೆಯ ಎಣ್ಣೆ, ದೀಪದ ಎಣ್ಣೆ, ದನದ ಮೇವು, ಇಷ್ಟೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದುವು. ಮಳೆ ಒಂದು ಬೆಳೆಗೆ ಮೋಸಮಾಡಿದರೆ ಇನ್ನೊಂದು ಕೈಹಿಡಿಯುತ್ತಿತ್ತು. ಉಪ್ಪು, ಕಬ್ಬಿಣ, ಬಟ್ಟೆಗಳಿಗೆ ಸಂತೆಗೆ ಹೋಗಲೇಬೇಕಾಗಿತ್ತು. ಏನನ್ನೂ ಕೊಳ್ಳದ ಸಂಸಾರ ಆಗಲೂ ಇರಲಿಲ್ಲ. ಯಾವುದನ್ನು ಕೊಳ್ಳಬಾರದು ಎಂಬುದು ಮಾತ್ರ ಆ ಮನೆಗಳಿಗೆ ಚೆನ್ನಾಗಿ ಗೊತ್ತಿತ್ತು.

ಈ ವಿವೇಕವನ್ನು ಲೆಕ್ಕದಿಂದಲೇ ತಿಳಿಯಬಹುದು. ದಂಪತಿಗಳು, ಇಬ್ಬರು ಮಕ್ಕಳು, ಒಬ್ಬರು ಹಿರಿಯರು, ಹೀಗೆ ಐವರ ಸಂಸಾರವೆಂದು ಇಟ್ಟುಕೊಳ್ಳೋಣ. ದಿನಕ್ಕೆ ಒಂದೂವರೆ ಕಿಲೋ ರಾಗಿ ಹಿಟ್ಟು ಖರ್ಚಾದರೆ ವರ್ಷಕ್ಕೆ ಐದೂವರೆ ಕ್ವಿಂಟಾಲು ಬೇಕು. ಹದವಾಗಿ ಮಳೆಯಾದ ವರ್ಷ ಒಂದೆಕರೆ ಖುಷ್ಕಿಯಲ್ಲಿ ಎಂಟು ಹತ್ತು ಕ್ವಿಂಟಾಲು ಆಗುವುದುಂಟು. ಮಳೆ ತಪ್ಪಿದರೆ ಅರ್ಧವೂ ಕೈಸೇರದು. ಆದುದರಿಂದ ಒಳ್ಳೆಯ ವರ್ಷದ ಮಿಗತೆಯನ್ನು ಮಾರದೆ ಕೆಟ್ಟ ವರ್ಷಕ್ಕೆ ಇಟ್ಟುಕೊಳ್ಳತಕ್ಕದ್ದು. ರಾಗಿಗೆ ಹುಳುವಿನ ಕಾಟ ಕಡಿಮೆ. ಹಿಂದಿನವರು ಹಗೇವಿನಲ್ಲಿ ಅದನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದುದು ಇದೇ ಕಾರಣದಿಂದ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಇಟ್ಟರೆ ಬೇಳೆಯ ಖರ್ಚು ತಗ್ಗುವುದು. ಎಕರೆಗೆ ಮೂರು ಟನ್ನಿನಷ್ಟು ಕೊಟ್ಟಿಗೆ ಗೊಬ್ಬರ ಬೇಕು. ಅದಕ್ಕೆ ದನ ಬೇಕು. ದನಕ್ಕೆ ರಾಗಿ ಹುಲ್ಲು ಬೇಕು. ಒಂದು ಕೊಂಡಿ ಕಳಚಿದರೂ ಸರಪಣಿ ಹರಿದಂತೆಯೇ.

ಎಲ್ಲಕ್ಕಿಂತ ಮೊದಲು ಕಳಚಿದ ಕೊಂಡಿ ನೀರು. ನಂದಿ ಬೆಟ್ಟದ ಕಡೆಯಿಂದ ಹರಿಯುವ ಅರ್ಕಾವತಿಯ ಸೀಮೆ ಇದು. ಈ ನದಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, ಬೆಂಗಳೂರಿಗೆ ಕೊಳಾಯಿಯ ನೀರನ್ನು ಒದಗಿಸಿದರು. ನಗರದ ಬಾಯಾರಿಕೆಯನ್ನು ತಣಿಸಿದ ಆ ಪ್ರಾಂತದಲ್ಲಿಯೇ ಇಂದು ತೆರೆದ ಬಾವಿಗಳು ಬತ್ತಿವೆ. ಕೊಳವೆ ಬಾವಿಗಳು ಸಾವಿರ ಅಡಿಗಳನ್ನು ಮೀರಿ ಇಳಿದಿವೆ. ಕೊಳವೆ ಬಾವಿಯ ಭರವಸೆಯ ಮೇಲೆ ಸಂಸಾರವನ್ನು ಹೂಡುವವನು ಸ್ವಾವಲಂಬಿಯಲ್ಲ. ಸಾಲಕ್ಕೆ ದಾರಿ ಮಾಡಿಕೊಂಡವನು. ಬದು ಹಾಕಿಸುವುದು, ಹೊಂಡ ತೋಡಿ ಮಳೆಯ ನೀರನ್ನು ನಿಲ್ಲಿಸುವುದು, ಬದುವಿನ ಮೇಲೆ ಹೊಂಗೆ, ಹುಣಸೆ, ಹಲಸುಗಳನ್ನು ಬೆಳೆಸುವುದು, ಇವು ಮನೆ ಕಟ್ಟಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸಗಳು.

ಈ ಮಾತಿಗೆ ದೂರದ ನಿದರ್ಶನ ಬೇಕಾಗಿಲ್ಲ. ಇದೇ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಎಲ್. ನಾರಾಯಣ ರೆಡ್ಡಿಯವರಿದ್ದರು. ಮೊದಲು ಅವರೂ ಎಲ್ಲರಂತೆ ರಾಸಾಯನಿಕ ಗೊಬ್ಬರ ಸುರಿದು ಹೆಚ್ಚು ಬೆಳೆದವರು; ಬೆಳೆ ಹೆಚ್ಚಿದರೂ ಕೈಯಲ್ಲಿ ಹಣ ಉಳಿಯದುದನ್ನು ಕಂಡವರು. ಬಳಿಕ ಜಪಾನಿನ ಮಸನೊಬು ಫುಕುವೋಕಾ ಅವರ ಸಹಜ ಕೃಷಿಯ ವಿಚಾರಗಳಿಂದ ಪ್ರೇರಿತರಾಗಿ, ಕೊಳ್ಳುವ ಗೊಬ್ಬರ ಔಷಧಿಗಳನ್ನು ಬಿಟ್ಟು, ಸಣ್ಣ ಹಿಡುವಳಿಯಲ್ಲಿಯೇ ಧಾನ್ಯ, ಹಣ್ಣು, ಮರ, ದನಗಳನ್ನು ಒಟ್ಟುಗೂಡಿಸಿ ಬಾಳಿದರು. ಬಂದ ರೈತರಿಗೆ ಕಲಿಸಿದರು. 2019ರ ಜನವರಿಯಲ್ಲಿ ದಿವಂಗತರಾದರು. ಆದಾಯವನ್ನು ಹೆಚ್ಚಿಸುವುದಕ್ಕೆ ಮೊದಲು ವೆಚ್ಚವನ್ನು ಇಳಿಸಬೇಕೆಂಬುದೇ ಅವರ ಬಾಳಿನಿಂದ ನಾವು ಕಲಿಯಬೇಕಾದ ಪಾಠ.

ಇನ್ನು ಮಕ್ಕಳ ವಿಚಾರ. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೇ ಸಾಕು; ಅನಂತರ ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಯ ಸರಿಯನ್ನು ತಾಯಿಯ ಹಾಲಿನ ಜೊತೆಗೆ ಕೊಡಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವಿದೆ. ಬೆಳೆಯುವ ಎಲುಬಿಗೆ ಇದು ಹಿತ. ಆದರೆ ಹೊಲದ ಅನ್ನ ಚುಚ್ಚುಮದ್ದಿನ ಕೆಲಸವನ್ನು ಮಾಡಲಾರದು. ಹಿತ್ತಲ ಗಿಡವನ್ನು ನೆಚ್ಚಿ ಜ್ವರದ ಮಗುವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಸ್ವಾವಲಂಬನೆಯಲ್ಲ, ಅವಿವೇಕ. ಕೆಲಸದ ಮಾತೂ ಹಾಗೆಯೇ. ಕರುವಿಗೆ ಹುಲ್ಲು ಹಾಕುವುದು, ಅವರೆಕಾಯಿ ಬಿಡಿಸುವುದು, ಕಣದ ಅಂಚಿನಲ್ಲಿ ಕುಳಿತು ತೂರುವುದನ್ನು ನೋಡುವುದು ಮಗುವಿಗೆ ಪಾಠವೇ ಸರಿ. ಶಾಲೆಯ ಗಂಟೆಯನ್ನು ಕಳೆ ಕೀಳುವ ಗಂಟೆ ನುಂಗಿದರೆ ಅದು ಪಾಠವಲ್ಲ, ಕೂಲಿ.

ಇಲ್ಲಿ ಗೃಹಸ್ಥರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮನೆ ಸ್ವಾವಲಂಬಿಯಾದುದು ಯಾರ ಬೆನ್ನಿನ ಮೇಲೆ? ಕೋಳಿ ಕೂಗುವುದಕ್ಕೆ ಮೊದಲೆದ್ದು ರಾಗಿ ಬೀಸಿ, ನೀರು ಹೊತ್ತು, ಸಗಣಿ ಬಾಚಿ, ಕಳೆ ತೆಗೆದು, ರಾತ್ರಿ ಎಲ್ಲರಿಗೂ ಬಡಿಸಿ ಉಳಿದುದನ್ನು ಉಂಡವಳು ಮನೆಯಾಕೆ. ನಾವು ಹೊಗಳುವ ಹಿಂದಿನ ಕಾಲದ ಸಮೃದ್ಧಿಯಲ್ಲಿ ಅವಳ ನಿದ್ರೆಯೂ ಸೇರಿತ್ತು. ಬೀಸುವ ಕಲ್ಲನ್ನು ಬಿಟ್ಟು ಹಿಟ್ಟಿನ ಗಿರಣಿಗೆ ಹೋದುದರಿಂದ ಯಾರ ಸ್ವಾವಲಂಬನೆಯೂ ಕೆಡಲಿಲ್ಲ. ಒಂದು ಜೀವಕ್ಕೆ ಬಿಡುವು ದೊರೆಯಿತು. ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದನ್ನು ಕೊಳ್ಳಬೇಕು ಎಂಬುದನ್ನು ಗೃಹಿಣಿಯ ಮಾತಿಲ್ಲದೆ ತೀರ್ಮಾನಿಸುವ ಗಂಡಸು ಹಳ್ಳಿಗೆ ಹೋಗದಿರುವುದೇ ಲೇಸು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಅನ್ನ, ಹಾಲು, ಸೊಪ್ಪು, ಗೊಬ್ಬರ, ಬಿತ್ತನೆಯ ಬೀಜ, ಈ ಐದನ್ನು ಮನೆಯಲ್ಲಿಯೇ ಮಾಡಿಕೊಳ್ಳಿ. ಔಷಧ, ಪುಸ್ತಕ, ದಣಿದ ದೇಹದ ವಿಶ್ರಾಂತಿ, ಇವಕ್ಕೆ ಹಣ ತೆಗೆದಿಡಿ. ಬೆಂಗಳೂರು ಬೆಳೆಯುತ್ತ ಮಧುರೆಯ ಕಡೆಗೂ ಕೈಚಾಚುತ್ತಿರುವಾಗ, ಹೊಲವನ್ನು ಉಳಿಸುವುದೋ ಮಾರುವುದೋ ಎಂಬ ಮಾತನ್ನು ನಾಳೆ ಆಡುವವರು ಇಂದಿನ ಮಕ್ಕಳೇ. ಹೊಲವೆಂದೊಡನೆ ಅವರಿಗೆ ತಾಯಿಯ ಬಳಲಿದ ಮುಖ ನೆನಪಾದರೆ ಅವರು ಅದನ್ನು ಮಾರಿಬಿಡುವರು. ಸೊಗಡವರೆಯ ಸಾರಿನ ಸುತ್ತ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಂಡ ರಾತ್ರಿ ನೆನಪಾದರೆ, ಮಾರುವುದಕ್ಕೆ ಮೊದಲು ಒಂದು ಗಳಿಗೆ ಯೋಚಿಸುವರು.